ಭುಜದ ಹೊಲಿಗೆ

ಗ್ಲೂಕೋಸ್ ಪುಡಿಯ ಡಬ್ಬಿಯೊಳಗೆ ಆಗ ಒಂದೊಂದು ಬರುತ್ತಿತ್ತು,
ಇಸ್ಪೀಟೆಲೆಗಿಂತ ತುಸು ಅಗಲ,
ಮೂಗಿಗೆ ಹಿಡಿದರೆ ಸಿಹಿ ವಾಸನೆ.
ಮುಂದೆ ಹಾಕಿ ಆಟಗಾರ, ಹಿಂದೆ ಅವನ ಜಾತಕ:
ಹುಟ್ಟಿದೂರು, ಎತ್ತರ, ಆಡುವ ಜಾಗ, ಹೊಡೆದ ಗೋಲು.

ಗೋಣಿಕೊಪ್ಪದ ಹುಡುಗರೆಲ್ಲ ಫಾರ್ವರ್ಡುಗಳ ಹಿಂದೆ ಬಿದ್ದರು.
ನಾನು ಹಿಡಿದದ್ದು ಪಳಂಗಪ್ಪನನ್ನು.
ಲೆಫ್ಟ್ ಹಾಫ್. ಗೋಲು, ಮೂರು.
ಹದಿನಾರು ವರ್ಷಕ್ಕೆ ಮೂರು!
ಯಾರಿಗೂ ಬೇಡದ ಕಾರ್ಡು, ಸುಲಭಕ್ಕೆ ಸಿಕ್ಕೀತು ಅಂದುಕೊಂಡೆ.
ಬೇಡದ್ದು ಸಿಗುವುದೇ ಕಷ್ಟ,
ಎಲ್ಲರೂ ಎಸೆದಿರುತ್ತಾರೆ.

ಅವನೋ ಒಂದು ಕಡೆ ನಿಲ್ಲುವ ಆಸಾಮಿಯಲ್ಲ.
ಮದ್ರಾಸಿನಲ್ಲಿ ರೈಲ್ವೆ, ಅಲ್ಲಿಂದ ಬ್ಯಾಂಕು,
ಬ್ಯಾಂಕು ಬಿಟ್ಟು ಭಿಲಾಯಿಯ ಉಕ್ಕು,
ಜಲಂಧರದಲ್ಲಿ ಒಂದೇ ಒಂದು ಚಳಿಗಾಲ,
ಆಮೇಲೆ ಯಾವುದೋ ಸಕ್ಕರೆ ಕಾರ್ಖಾನೆ,
ಅದಕ್ಕೆ ಬೀಗ ಬಿದ್ದ ಮೇಲೆ ಬಂದರು, ಬಂದರಿನಿಂದ ವಿದ್ಯುತ್ ಮಂಡಳಿ.
ಹುಟ್ಟಿದೂರು ಒಂದರಲ್ಲಿ ಪೊನ್ನಂಪೇಟೆ, ಒಂದರಲ್ಲಿ ಪನ್ನಂಪಟ್ಟಿ,
ಒಂದರಲ್ಲಿ ಬರೀ ಮೈಸೂರು.
ತಂಡ ಬದಲಿಸಿದಾಗಲೆಲ್ಲ
ಒಂದು ವರ್ಷ ಕಿರಿಯನಾಗಿದ್ದಾನೆ ಪುಣ್ಯಾತ್ಮ.

ನಾನು ದರ್ಜಿ, ಬಸ್‌ಸ್ಟ್ಯಾಂಡಿನ ಹಿಂದೆ, ಕೋಳಿ ಅಂಗಡಿಗೆ ಅಂಟಿಕೊಂಡು.
ರಜೆಗೆ ಬರುವ ಸಿಪಾಯಿಗಳಿಗೆಲ್ಲ ಹೇಳಿಟ್ಟಿದ್ದೆ,
ಒಂದು ಪಳಂಗಪ್ಪ ತಂದರೆ ಒಂದು ಪ್ಯಾಂಟು ಬಿಟ್ಟಿ.
ಹವಾಲ್ದಾರ್ ಚಿಟ್ಟಿಯಪ್ಪ ಜಬಲ್‌ಪುರದ ಗುಜರಿಯಿಂದ ತಂದದ್ದನ್ನು
ಇಲಿ ತಿಂದಿತ್ತು;
ಸ್ಟಿಕ್ಕು ಉಳಿದಿತ್ತು, ಕೈ ಹೋಗಿತ್ತು.
ಅದಕ್ಕೂ ಹೊಲಿದುಕೊಟ್ಟೆ. ಪ್ಯಾಂಟಲ್ಲ, ಚಡ್ಡಿ.

ಹನ್ನೊಂದಾದವು.
ಹತ್ತರಲ್ಲಿ ಗಂಟು ಮುಖ, ಸಾಲ ಕೇಳಲು ಬಂದವನ ಹಾಗೆ.
ಸಕ್ಕರೆ ಕಾರ್ಖಾನೆಯ ಹಳದಿ ಅಂಗಿಯದೊಂದರಲ್ಲಿ ಮಾತ್ರ
ಮಸಿ ಹರಡಿದ ಅಚ್ಚಿನಲ್ಲೂ ಕಾಣುವಷ್ಟು ನಗು.
ಆ ವರ್ಷ ಸಂಬಳ ಸರಿಯಾಗಿ ಬಂದಿರಬೇಕು ಎಂದಳು ನಬೀಸಾ.
ಹೆಣ್ಣು ನೋಡಿ ಬಂದಿರಬೇಕು ಎಂದೆ ನಾನು.
ಇಪ್ಪತ್ತೆರಡು ವರ್ಷ ನಮ್ಮಿಬ್ಬರಲ್ಲಿ ಆ ವಾದ ತೀರಲಿಲ್ಲ.

ಹೋದ ಏಪ್ರಿಲ್ಲಿನಲ್ಲಿ, ಒಕ್ಕಗಳ ಹಾಕಿ ನಡೆಯುವಾಗ,
ಒಬ್ಬರು ಬಂದು ಪ್ಯಾಂಟು ಗಿಡ್ಡ ಮಾಡು ಎಂದರು.
ಸೊಂಟ ನಲವತ್ತೆರಡು.
ಮಂಡಿಯಲ್ಲಿ ಕುಳಿತು ಕಾಲಿಗೆ ಟೇಪು ಹಿಡಿದವನು
ಮುಖವೆತ್ತಿ ನೋಡಿದೆ, ಟೇಪು ಬಿಟ್ಟೆ.
ಗುಂಡಿಯ ಡಬ್ಬಿಯ ಕೆಳಗಿನ ಡ್ರಾಯರು ಎಳೆದೆ.

ಅವರು ಕೈ ಒರೆಸಿಕೊಂಡು ಒಂದೊಂದೇ ನೋಡಿದರು.
ತಮ್ಮನ್ನಲ್ಲ, ಅಂಚಿನಲ್ಲಿ ಕತ್ತರಿಸಿ ಹೋದವರನ್ನು:
ಈ ಮೊಣಕೈ ಫೆರ್ನಾಂಡಿಸನದು,
ಈ ಶೂ ನಮ್ಮ ಗೋಲಿಯದು, ಹೋಗಿಬಿಟ್ಟ.
ಹಳದಿ ಅಂಗಿಗೆ ಬಂದು ನಿಂತರು.
ಎಂತ ಮೊಯ್ದು, ಇದು ನಾನಲ್ಲ.

ಫೋಟೋದವ ಬಂದ ದಿನ ನನಗೆ ಜ್ವರ.
ಸಿಮ್ಡೇಗಾ ಕಡೆಯ ಹುಡುಗ, ಬದಲಿ ಆಟಗಾರ,
ನನ್ನ ಅಂಗಿ ತೊಡಿಸಿ ನಿಲ್ಲಿಸಿದರಂತೆ.
ಒಂದು ಮ್ಯಾಚೂ ಆಡಲಿಲ್ಲ ಅವನು, ಕಾರ್ಖಾನೆಯೇ ಮುಚ್ಚಿತು.
ನೀನು ದರ್ಜಿಯಲ್ಲವಾ, ಭುಜ ನೋಡು.

ನೋಡಿದೆ.
ಭುಜದ ಹೊಲಿಗೆ ತೋಳಿನ ಮೇಲೆ ಎರಡು ಬೆರಳು ಜಾರಿದೆ.
ಕಾಲರಿನೊಳಗೆ ಇನ್ನೊಂದು ಕತ್ತಿಗೆ ಜಾಗವಿದೆ.
ಕಾಜ ಹೊಲಿಯಲು ಬಂದ ಹುಡುಗನೂ ಹೇಳುತ್ತಿದ್ದ,
ಅಂಗಿ ಇವನದಲ್ಲ ಎಂದು.
ನಾನು ಓದಿದ್ದು ಕೆಳಗಿನ ಹೆಸರು.

ಹುಡುಗನ ಹೆಸರೇನು ಅಂದೆ.
ಹಣೆ ಉಜ್ಜಿಕೊಂಡರು. ಕುಜೂರ್... ಅಲ್ಲ, ಟೊಪ್ಪೊ...
ಹಾಳು ಮರೆವು. ಪ್ಯಾಂಟು ಯಾವಾಗ ಕೊಡ್ತೀ?
ಗುರುವಾರ ಅಂದೆ.

ರಾತ್ರಿ ಅಂಗಡಿ ಹಾಕುವ ಮೊದಲು
ಅಳತೆ ಪುಸ್ತಕ ತೆಗೆದೆ.
ಕಣ್ಣಂದಾಜಿನಲ್ಲೇ ಬರೆದುಕೊಂಡೆ:
ಎದೆ ಮೂವತ್ನಾಲ್ಕು. ಭುಜ ಹದಿನಾರು. ತೋಳು ಗಿಡ್ಡ.
ಬಟ್ಟೆ, ಹಳದಿ.
ಹೆಸರಿನ ಗೆರೆಯ ಮೇಲೆ ಪೆನ್ಸಿಲ್ಲು ಸ್ವಲ್ಪ ಹೊತ್ತು ನಿಂತಿತ್ತು,
ಕೋಳಿ ಅಂಗಡಿಯವ ಶಟರ್ ಎಳೆದ.