ಮಸ್ಕತಿ ಮಾಲು

ಹನ್ನೊಂದು ವರ್ಷ ನಾನೇ ಟೈಪು ಮಾಡಿದ್ದೇನೆ
ಬಿಲ್ಲಿನ ಮೂರನೇ ಕಾಲಮಿನಲ್ಲಿ: ಡ್ರೈ ಡೇಟ್ಸ್,
ಇಷ್ಟು ಟನ್ನು, ಇಷ್ಟು ಚೀಲ, ಬಂದರು ಮುಂಬಯಿ.
ಒಂದು ಸಲವೂ ಚೀಲದ ಬಾಯಿ ಬಿಚ್ಚಿ ನೋಡಿರಲಿಲ್ಲ.
ಲೆಕ್ಕದವನಿಗೆ ಚೀಲವೆಂದರೆ ಒಂದು ಅಂಕಿ,
ಅಂಕಿಗೆ ವಾಸನೆ ಇರುವುದಿಲ್ಲ.

ಈ ಜುಲೈಯಲ್ಲಿ ತೂಕದ ಗುಮಾಸ್ತ ರಜೆ ಹೋದ,
ಬಿದಿಯಾದ ತೋಟಕ್ಕೆ ನನ್ನನ್ನು ಅಟ್ಟಿದರು.
ದಿಲಾವರನ ಪಿಕಪ್ಪು. ಎ.ಸಿ. ಕೆಟ್ಟಿತ್ತು.
ಕಿಟಕಿ ಇಳಿಸಿದರೆ
ರೊಟ್ಟಿಯ ಹೆಂಚಿಗೆ ಮುಖ ಒಡ್ಡಿದ ಹಾಗೆ.

ಅಲ್ಲಿ ಮಣ್ಣಿನ ಒಲೆಗಳ ಸಾಲು, ತಾಮ್ರದ ಹಂಡೆಗಳು,
ಗುಳೇದಗುಡ್ಡದಲ್ಲಿ ನೂಲಿಗೆ ಬಣ್ಣ ಹಾಕುವ ಹಂಡೆಗಿಂತ ದೊಡ್ಡವು.
ಮೊತಾಲೇಬ ಖರ್ಜೂರದ ಒಣ ಬೊಡ್ಡೆ ತುರುಕುತ್ತಾನೆ,
ಮೇಲೆ ಹಳದಿ ಕಾಯಿ ಕೊತಕೊತ ಕುದಿಯುತ್ತವೆ,
ತೂತಿನ ಸೌಟಿನಲ್ಲಿ ಎತ್ತಿ
ಬಿಸಿಲಿಗೆ ಹರವುತ್ತಾರೆ.
ಆ ತುದಿಯಲ್ಲಿ ಇವತ್ತಿನದು, ಈ ತುದಿಯಲ್ಲಿ ಹೋದ ವಾರದ್ದು,
ನಡುವೆ ದಿನಕ್ಕೊಂದು ಸುಕ್ಕು.

ಈ ತುದಿಯದೊಂದನ್ನು ಕೈಗೆತ್ತಿಕೊಂಡೆ.
ಗಟ್ಟಿ. ಮೈತುಂಬ ಗೆರೆ. ತೊಟ್ಟಿಗೊಂದು ಸಣ್ಣ ಟೊಪ್ಪಿಗೆ.
ಉತ್ತತ್ತಿ!
ಕನ್ನಡದಲ್ಲೇ ಕೂಗಿಬಿಟ್ಟಿದ್ದೆ.

‘ಇದು ಇಲ್ಲಿಗೆ ಹೇಗೆ ಬಂತು?’ ಕೇಳಿದೆ ಖಲ್ಫಾನನನ್ನು,
ನನಗೆ ಬರುವ ಹಿಂದಿಯಲ್ಲಿ, ‘ಇದರ ಗಿಡ ಬೇರೆಯಲ್ಲವೆ?’

ಖಲ್ಫಾನ ನಗಲಿಲ್ಲ. ಅದೇ ಕಷ್ಟವಾದದ್ದು.
ಮಗುವಿಗೆ ತೋರಿಸುವಂತೆ ಮರ ತೋರಿಸಿದ,
ಹಂಡೆ ತೋರಿಸಿದ, ನೆತ್ತಿಯ ಮೇಲಿನ ಸೂರ್ಯನನ್ನು ತೋರಿಸಿದ,
ಕೊನೆಗೆ ನನ್ನನ್ನೇ ತೋರಿಸಿ, ‘ನಿಮ್ಮ ದೇಶಕ್ಕೆ’ ಎಂದ.
ನಕ್ಕವನು ದಿಲಾವರ,
ಸ್ಟೇರಿಂಗಿಗೆ ಹಣೆ ಹಚ್ಚಿಕೊಂಡು:
‘ಮುನೀಮ್‌ಜಿ, ನಾಳೆ ಕೇಳುತ್ತೀರಿ,
ಮಜ್ಜಿಗೆ ಕೊಡುವ ಎಮ್ಮೆ ಬೇರೆಯೇ ಅಂತ.’

ಏನೆಂದುಕೊಂಡಿದ್ದೆ ನಾನು?
ಏನೂ ಅಂದುಕೊಂಡಿರಲಿಲ್ಲ.
ಉತ್ತತ್ತಿ ಬೆಳೆಯುವುದು ಕಿರಾಣಿ ಅಂಗಡಿಯಲ್ಲಿ,
ಲವಂಗದ ಡಬ್ಬಿಯ ಪಕ್ಕದ ಡಬ್ಬಿಯಲ್ಲಿ.
ಅವ್ವ ಉಡಿ ತುಂಬುವಾಗ ಎಣಿಸಿ ಹಾಕುವುದು ಐದು,
ಅಕ್ಕಿ, ಖಣ, ಕೊಬ್ಬರಿ ಬಟ್ಟಲು, ಅರಿಶಿನ ಬೇರಿನ ಜೊತೆ.
ಬಾಣಂತಿ ಅಕ್ಕನ ಅಂಟಿನುಂಡಿಗೆಂದು ಜಜ್ಜಿಟ್ಟದ್ದನ್ನು
ನಾನು ಕದ್ದು ತಿಂದು ಬೈಸಿಕೊಂಡದ್ದು.
ಇಷ್ಟು ಮನೆಯದಾದ ವಸ್ತುವಿಗೆ
ಹೊರಗೊಂದು ಊರಿರಬಹುದೆಂದು
ಯಾರಿಗೆ ತಾನೆ ಹೊಳೆಯುತ್ತದೆ?

ಹೊಳೆಯುತ್ತದೆ. ಎಲ್ಲರಿಗೂ ಹೊಳೆದಿದೆ.
ಆ ರಾತ್ರಿ ಇಬ್ರಾದ ರೂಮಿನಲ್ಲಿ ಒಬ್ಬೊಬ್ಬರನ್ನೇ ಕೇಳಿದೆ,
ಸುಮ್ಮನೆ, ಮಾತಿಗೆಂಬಂತೆ.
ಚಪಾತಿ ಲಟ್ಟಿಸುವ ಹುಡುಗನಿಗೂ ಗೊತ್ತಿತ್ತು.

ನಿದ್ದೆ ಬರಲಿಲ್ಲ.
ಇಂಗು ಕಲ್ಲೋ, ಅಂಟೋ?
ಸಾಬೂದಾಣಿ ಯಾವ ಪೈರಿನ ಕಾಳು?
ಫೋನು ಎದೆಯ ಮೇಲೆಯೇ ಇತ್ತು, ನೋಡಲಿಲ್ಲ.
ಒಂದು ದಿನಕ್ಕೆ ಒಂದು ಸಾಕು.

ಶುಕ್ರವಾರ ಅವ್ವನಿಗೆ ಹೇಳಿದೆ.
‘ಖರೇನ ಮುದಕಣ್ಣಾ?’
ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ಮಗ್ಗದ ಸದ್ದು.
‘ಅಂಗಡಿ ಬಸಲಿಂಗಪ್ಪ ಅಂತಿದ್ದ,
ಮಸ್ಕತಿ ಮಾಲ್ರಿ ಅಕ್ಕಾರ, ಮಸ್ಕತಿ ಮಾಲು.
ನಾ ತಿಳಿದಿದ್ದೆ, ಮಸ್ಕತಿ ಅಂದ್ರ
ಭಾಳ ಛಲೋ ಜಾತೀದು ಅಂತ.
ಮಸ್ಕತಿ ಅಂದ್ರ ಊರೇನೋ?’

‘ಊರು ಅವ್ವಾ. ನಾ ಇರೋ ದೇಶದ್ದು.’

‘ನೀ ಇರೂದು ದುಬೈದಾಗಲ್ಲೇನು?’

ಹನ್ನೊಂದು ವರ್ಷ ಓಣಿಗೆಲ್ಲ ದುಬೈ ಎಂದೇ ಹೇಳಿದ್ದಾಳೆ,
ನಾನೂ ತಿದ್ದಿರಲಿಲ್ಲ,
ದುಬೈ ಎಂದರೆ ಯಾರೂ ಮುಂದೆ ಕೇಳುವುದಿಲ್ಲ.
ಈಗ ಹೇಳತೊಡಗಿದೆ: ದುಬೈ ಆ ಕಡೆ, ನಾವು ಈ ಕಡೆ,
ನಡುವೆ ಗಡಿ, ಬೇರೆ ರೊಕ್ಕ, ಬೇರೆ ಅರಸ...
ಅರ್ಧಕ್ಕೇ ತಡೆದಳು.
‘ಆತು ಬಿಡು. ಯಾರ ಮುಂದೂ ಹೇಳಬ್ಯಾಡ.’

ನನ್ನದನ್ನೋ, ತನ್ನದನ್ನೋ, ಕೇಳಲಿಲ್ಲ.
ತೋಟದಿಂದ ತಂದ ಆ ಒಂದು ಜೇಬಿನಲ್ಲಿತ್ತು.
ದವಡೆಯಲ್ಲಿಟ್ಟುಕೊಂಡೆ.
ಮೆತ್ತಗಾಗಲು ಹೊತ್ತು ಹಿಡಿಯುತ್ತದೆ ಅದು.