ಒದ್ದೆ ಹೆಬ್ಬೆರಳು

ಎಪ್ಪತ್ತೈದು ಶೇಕಡಾ ಅಂತ ಬರೆದಿದೆ ಅವನ ಕಾರ್ಡಿನಲ್ಲಿ.
ಮಿಕ್ಕ ಇಪ್ಪತ್ತೈದಕ್ಕೆ ಕೆಲಸ ಹುಡುಕುವುದು
ನನ್ನ ಕೆಲಸ.
ನನ್ನದೂ ಗುತ್ತಿಗೆಯೇ, ಮೂರು ತಿಂಗಳಿಂದ ಸಂಬಳವಿಲ್ಲ,
ಅದು ಇಲ್ಲಿ ಬೇಡ.

ಲೋಲಾಕ್ಷ ಕರ್ಕೇರ, ವಯಸ್ಸು ಮೂವತ್ತೆಂಟು,
ಬೋಳಾರದ ಸಣ್ಣ ಓಣಿ, ಅಕ್ಕನ ಮನೆ.
ತಿಂಗಳಿಗೆ ಸಾವಿರದ ನಾನೂರು, ಅಂಚೆಯವರ ಕೈಯಿಂದ.
ಅಕ್ಕ ಜಲಜ ಬಾಗಿಲಲ್ಲೇ ಕೇಳಿದಳು:
"ಕೆಲಸ ಸಿಕ್ಕಿತು ಅಂತ ಅದು ನಿಂತರೆ?
ನಿಂತ ಮೇಲೆ ಕೆಲಸವೂ ಹೋದರೆ?
ಆಗ ನೀವು ಎಲ್ಲಿರ್ತೀರಿ, ಮೇಡಂ?"
ಉತ್ತರ ನನ್ನ ಫೈಲಿನಲ್ಲಿರಲಿಲ್ಲ.
ಅವಳು ಕೊಟ್ಟ ಚಾ ಕುಡಿದೆ.

ಅವನಿಗಾಗಿ ನಾನು ಹುಡುಕಿದ್ದೆಲ್ಲ ಸದ್ದಿಲ್ಲದ ಜಾಗ.
ಶಾಲೆಯೊಂದರ ಪುಸ್ತಕದ ಕೋಣೆ,
ಕದ್ರಿಯಲ್ಲಿ ಗಿಡ ಮಾರುವ ನರ್ಸರಿ,
ಕಾರ್‌ಸ್ಟ್ರೀಟಿನ ಹಿಂದೆ ಊದುಬತ್ತಿ ಕಟ್ಟುವ ಮಹಡಿ.
ನರ್ಸರಿಯವನು ಕಾರ್ಡನ್ನು ಎರಡೂ ಬದಿ ತಿರುಗಿಸಿ ನೋಡಿ
"ಕತ್ತಿ ಎಲ್ಲ ಇರ್ತದಲ್ಲ ಇಲ್ಲಿ" ಅಂದ.
ಊದುಬತ್ತಿಯಲ್ಲಿ ನಾಲ್ಕು ದಿನ ಕೂತು
ಐದನೆಯ ದಿನ ಲೋಲಾಕ್ಷ ಹೋಗಲಿಲ್ಲ.
"ತುಂಬಾ ಮೌನ ಉಂಟು ಅಲ್ಲಿ.
ಮೌನ ಇದ್ದರೆ ಅವರು ಮಾತಾಡ್ತಾರೆ."
ಅವರು ಯಾರೆಂದು ನನಗೆ ಗೊತ್ತಿತ್ತು.
ಮೌನವೇ ಅವರ ಮನೆಯೆಂದು ಗೊತ್ತಿರಲಿಲ್ಲ.

ಕಂಕನಾಡಿಯ ಇಳಿಜಾರಿನಲ್ಲಿ ಫ್ಲೋರಿನ್ ಬಾಯಿಯ ಲಾಂಡ್ರಿ.
ಆಸ್ಪತ್ರೆಯ ಬೆಡ್‌ಶೀಟು, ಆಸ್ಪತ್ರೆಯ ದಿಂಬಿನ ಗವಸು,
ನಾಲ್ಕು ಮಿಷನು, ಒಂದು ಡ್ರೈಯರು,
ನೆಲ ನಡುಗುವಷ್ಟು ಸದ್ದು.
ಬಸ್ಸಿನಲ್ಲಿ ಹೇಳಿಕೊಟ್ಟಿದ್ದೆ: ಕೇಳಿದ್ದಕ್ಕೆ ಮಾತ್ರ ಹೇಳು,
ಸ್ವರದ ವಿಷಯ ನಾನು ನೋಡಿಕೊಳ್ತೇನೆ.
ಬಾಯಿ ಕೇಳಿದ್ದು ಒಂದೇ: "ಮಧ್ಯದಲ್ಲಿ ಏನಾದರೂ ಆದರೆ?"
ಅವನು ನನ್ನ ಮುಖ ನೋಡಲಿಲ್ಲ.
"ಮಾತ್ರೆಯಿಂದ ಎರಡು ಗಂಟೆಗೆ ನಿದ್ದೆ ಬರ್ತದೆ,
ಅರ್ಧ ಗಂಟೆ ಮಲಗಬೇಕು.
ಕೈ ಸ್ವಲ್ಪ ನಡುಗ್ತದೆ.
ಸ್ವರ ಬರ್ತದೆ. ಈ ಮಿಷನ್ ತಿರುಗಿದರೆ
ಅವರಿಗೆ ಅವರದ್ದೇ ಕೇಳ್ಲಿಕ್ಕಿಲ್ಲ."
ಫ್ಲೋರಿನ್ ಬಾಯಿ ನಕ್ಕರು.
"ನನ್ನ ಗಂಡನ ಮಾತೂ ಇಲ್ಲಿ ಕೇಳುವುದಿಲ್ಲ, ಮಾರಾಯ.
ಸೋಮವಾರ ಬಾ."

ಎರಡನೆಯ ವಾರ
ಒಂದು ಬೆಡ್‌ಶೀಟು ಹಿಡಿದು, ಮಡಿಸದೆ ನಿಂತಿದ್ದ.
ಮೂಲೆಯಲ್ಲಿ ಮಾಸಿದ ನೀಲಿ ಮುದ್ರೆ, ವಾರ್ಡಿನ ಹೆಸರು.
"ನಾನು ಮಲಗಿದ್ದು ಇದರಲ್ಲೇ ಇರಬಹುದು."
ಮೂಗಿಗೆ ಹಿಡಿದ. ಸೋಪಿನ ವಾಸನೆ, ಅಷ್ಟೇ.
ಆಮೇಲೆ ಮುದ್ರೆ ಒಳಗೆ ಹೋಗುವಂತೆ
ನಾಲ್ಕು ಮಡಿಕೆ ಮಾಡಿ
ಉಳಿದವುಗಳ ಮೇಲಿಟ್ಟ.

ಅಷ್ಟಮಿಯ ಹೊತ್ತಿಗೆ ಹನ್ನೊಂದು ದಿನ ಬರಲಿಲ್ಲ.
ನನ್ನ ವರದಿಯ ನಮೂನೆಯಲ್ಲಿ ಎರಡೇ ಚೌಕ:
ಉದ್ಯೋಗದಲ್ಲಿದ್ದಾರೆ. ಉದ್ಯೋಗದಲ್ಲಿಲ್ಲ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.
ಹನ್ನೆರಡನೆಯ ದಿನ ಬಾಯಿಯ ಫೋನು:
"ಮೂಲೆಗೆ ಮೂಲೆ ಕೂಡಿಸಿ ಮಡಿಸುವವರು
ಯಾರೂ ಇಲ್ಲ ಇಲ್ಲಿ. ಅವನಿಗೆ ಹೇಳಿ."

ಇವತ್ತು ಅಂಚೆಯ ದೂಮಪ್ಪಣ್ಣ
ಬೋಳಾರದಿಂದ ಸ್ಕೂಟರಿನಲ್ಲಿ ಇಲ್ಲಿಗೇ ಬಂದರು,
ಬೆರಳೊತ್ತುವ ಯಂತ್ರ ಹಿಡಿದುಕೊಂಡು.
ಜಲಜ ಕಳಿಸಿದ್ದಂತೆ.
ಹಣ ಇನ್ನೂ ನಿಂತಿಲ್ಲ; ನಿಲ್ಲುತ್ತದೋ ಎಂದು ಕೇಳಿ
ತಾಲೂಕು ಕಚೇರಿಗೆ ನಾನು ಬರೆದದ್ದಕ್ಕೆ ಉತ್ತರವೂ ಇಲ್ಲ.

ಲೋಲಾಕ್ಷ ಬೆರಳಿಟ್ಟ. ಕೆಂಪು ದೀಪ.
ಅಂಗಿಗೆ ಒರೆಸಿ ಇಟ್ಟ. ಕೆಂಪು.
ಬೆಳಗಿನಿಂದ ಕಲೆ ನೆನೆಸುವ ತೊಟ್ಟಿಯಲ್ಲಿದ್ದ ಹೆಬ್ಬೆರಳು
ಸುಕ್ಕುಗಟ್ಟಿ, ಬಿಳಿಚಿ
ಬೇರೆ ಯಾರದ್ದೋ ಆಗಿತ್ತು.
"ಇದು ನಾನಲ್ಲ ಅಂತದೆ" ಅಂದ.
"ಒಣಗಲಿ, ಕಾಯುವಾ" ಅಂದರು ದೂಮಪ್ಪಣ್ಣ.

ಮೂವರೂ ಮೆಟ್ಟಿಲ ಮೇಲೆ ಕೂತೆವು.
ಅವನು ಹೆಬ್ಬೆರಳನ್ನು ಬಿಸಿಲಿಗೆ ಹಿಡಿದಿದ್ದ,
ಬಸ್ಸಿಗೆ ಕೈ ತೋರಿಸುವವನ ಹಾಗೆ.
ಒಳಗೆ ಮಿಷನು ನೀರು ಬಿಟ್ಟು
ಸುತ್ತು ಹೆಚ್ಚಿಸಿತು.