ಅರ್ಧ ಅಂಕ

ನನ್ನ ನಾಲಗೆಗೆ ಳ ಬರುತ್ತಿರಲಿಲ್ಲ.
ಮನೆಯಲ್ಲಿ ತುಳು, ಬಂದರಿನ ಓಣಿಯಲ್ಲಿ ಬ್ಯಾರಿ,
ಗೇಟು ದಾಟಿದ ಮೇಲೆ ಕನ್ನಡ,
ಅದೂ ಸೆವ್ರಿನ್ ಟೀಚರು ಎದುರಿಗೆ ಇದ್ದರೆ.

ಬೋಳಾರದ ಶಾಲೆ, ಹತ್ತನೇ ಬಿ.
ಕಿಟಕಿಗೆ ಅಡ್ಡವಾಗಿ ಹಂಚಿನ ಕಾರ್ಖಾನೆಯ ಚಿಮಣಿ.
ಟೀಚರು ಅಂದು ಚೀಲದಿಂದ ತೆಗೆದದ್ದು
ಪುಸ್ತಕವಲ್ಲ, ಒಂದು ಕದಳಿ ಬಾಳೆಹಣ್ಣು.
ಬ್ಲೇಡಿನಲ್ಲಿ ಸೀಳಿ ಬೆಂಚಿನಿಂದ ಬೆಂಚಿಗೆ ಕಳಿಸಿದರು:
"ನಡುವೆ ಕಪ್ಪು ಚುಕ್ಕೆ ನೋಡಿ.
ಬೀಜ ಆಗಬೇಕೆಂದು ಹೊರಟಿದ್ದವು."

ನಾಲ್ಕನೇ ಬೆಂಚು ದಾಟುವಷ್ಟರಲ್ಲಿ ಹಣ್ಣು ಇರಲಿಲ್ಲ.
ತಿಂದದ್ದು ಸುಕೇಶ. ಕೊನೆವರೆಗೂ ಒಪ್ಪಲಿಲ್ಲ.

ಹಲಗೆಯಲ್ಲಿ ಹನ್ನೊಂದು ಕಡ್ಡಿ ಗೀಚಿದರು, ಪಕ್ಕದಲ್ಲಿ ಹನ್ನೊಂದು.
ಅಪ್ಪನದು, ಅಮ್ಮನದು. ಕಾಡುಬಾಳೆ, ಹೊಟ್ಟೆ ತುಂಬ ಬೀಜ.
ಎಂದೋ, ಯಾವ ಕಾಡಿನಲ್ಲೋ, ಒಂದು ಕೋಶ
ಪಾಲು ಮಾಡಲು ಮರೆತು
ಎರಡೂ ಕಂತೆ ಹೊತ್ತುಕೊಂಡೇ ಮದುವೆಗೆ ಹೋಯಿತು.
ಅಲ್ಲಿ ಮತ್ತೆ ಹನ್ನೊಂದು. ಒಟ್ಟು ಮೂವತ್ತಮೂರು.
"ಇಬ್ಬಿಬ್ಬರು ಕೈ ಹಿಡಿದು ನಿಲ್ಲಿ ಅಂದರೆ
ಮೂರನೆಯವನು ಏನು ಮಾಡುತ್ತಾನೆ?"
"ಮನೆಗೆ ಹೋಗ್ತಾನೆ ಟೀಚರ್."
ನಕ್ಕರು. ಸೀಮೆಸುಣ್ಣ ಕೈಯಲ್ಲೇ ಉಳಿಯಿತು ಸ್ವಲ್ಪ ಹೊತ್ತು.

ಅಮ್ಮನಿಗೆ ಇದೆಲ್ಲ ಗೊತ್ತಿರಲಿಲ್ಲ.
ಕರಿ ಕಟ್ಟಿದ ಹಣ್ಣನ್ನು ರಾತ್ರಿ ಮೈದಾಕ್ಕೆ ಕಿವುಚಿಟ್ಟು
ನಸುಕಿನ ನಾಲ್ಕಕ್ಕೆ ಬನ್ಸ್ ಕರಿಯುತ್ತಿದ್ದಳು.
ಆಗದ ಬೀಜಗಳೂ ಎಣ್ಣೆಯಲ್ಲಿ ಉಬ್ಬಿ
ನನ್ನ ಫೀಸು ಕಟ್ಟುತ್ತಿದ್ದವು.

ಪರೀಕ್ಷೆಯಲ್ಲಿ ಬರೆದೆ:
ಬಾಲೆಗೆ ಬೀಜವಿಲ್ಲ.
ಬಾಲೆಯ ವರ್ಣತಂತು ಮೂವತ್ತಮೂರು.
ಒಂದೂವರೆ ಪುಟದಲ್ಲಿ ಎಂಟು ಬಾಲೆ.
ನಮ್ಮ ತುಳುವಿನಲ್ಲಿ ಬಾಲೆ ಅಂದರೆ ಮಗು.

ಪತ್ರಿಕೆ ಹಂಚುವ ದಿನ ಬೈಯಲಿಲ್ಲ.
ಹಲಗೆಯಲ್ಲಿ ಬಾಳೆ ಎಂದು ಬರೆದು,
ಳ ಒಂದನ್ನು ಅಂಗೈಯಿಂದ ಒರೆಸಿ, ಲ ಇಟ್ಟರು.
"ಉತ್ಪರಿವರ್ತನೆ ಅಂದರೆ ಇಷ್ಟೇ ಮಕ್ಕಳೇ.
ನಕಲು ಮಾಡುವಾಗ ಒಂದು ಕಡೆ ಕೈ ಜಾರುತ್ತದೆ.
ಉಳಿದ ಸಾಲೆಲ್ಲ ಸರಿಯಾಗಿಯೇ ಇರುತ್ತದೆ,
ಅರ್ಥ ಬೇರೆ ಮನೆಗೆ ಹೋಗಿರುತ್ತದೆ.
ಮೂವತ್ತಮೂರರ ಕಥೆ ಹಾಗಲ್ಲ.
ಅಲ್ಲಿ ಅಕ್ಷರ ತಪ್ಪಿಲ್ಲ,
ಇಡೀ ಪುಸ್ತಕವೇ ಒಂದು ಪ್ರತಿ ಹೆಚ್ಚು."

ಅರ್ಧ ಅಂಕ ಕಳೆದಿದ್ದರು.
ಏಳು ಬಾಲೆಗಳ ಕೆಳಗೆ ಕೆಂಪು ಗೆರೆ.
ಎಂಟನೆಯದರ ಕೆಳಗೆ ಇಲ್ಲ.
ಅಲ್ಲಿ ನಾನು ಬರೆದದ್ದು:
ಬೀಜ ಇಲ್ಲದಿದ್ದರೂ ಬಾಲೆಯ ಬುಡದಲ್ಲಿ ಕಂದು ಬರುತ್ತದೆ.
ಕಣ್ತಪ್ಪಿ ಬಿಟ್ಟದ್ದೆಂದು ಅಂದುಕೊಂಡೆ.
ಅವರ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ,
ಹದಿನೈದರ ನನಗೆ ಅದೆಲ್ಲ ಕೇಳಲು ಗೊತ್ತಿರಲಿಲ್ಲ.

ಈಗ ಳ ಬರುತ್ತದೆ.
ಹಳ್ಳ, ಕೊಳ, ಬೆಳಕು, ಎಲ್ಲದಕ್ಕೂ
ನಾಲಗೆ ಮಡಚಿ ಅಂಗಳ ಮುಟ್ಟುತ್ತದೆ.
ಬಾಳೆ ಅನ್ನುವಾಗ ಮಾತ್ರ
ಮಡಚುವ ಮೊದಲು
ಒಂದು ಕ್ಷಣ
ನಿಲ್ಲುತ್ತದೆ.